ಶಹಾಪುರದ ಪ್ರೆಸ್ಸಿನಲ್ಲಿ ಸಿಕ್ಕ ನಗೆಚಿತ್ರಗಳ ಕಟ್ಟು: ಮಾರಬೇಕೇ, ಇಟ್ಟುಕೊಳ್ಳಬೇಕೇ?

ಶಹಾಪುರದ ಸೊಸೆ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಚಿತ್ರಕಲೆಗೂ ನನಗೂ ಬಹಳ ದೂರ. ನಾನು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಪ್ರಶ್ನೆ ಬಾಲಿಶ ಎನಿಸಿದರೆ ನಕ್ಕುಬಿಡಿ, ಆದರೆ ಉತ್ತರ ಕೊಡಿ.

ನಮ್ಮ ಮಾವನವರು ಶಹಾಪುರದಲ್ಲಿ ಪ್ರೆಸ್ ನಡೆಸುತ್ತಿದ್ದರು. ಲಗ್ನಪತ್ರಿಕೆ, ಪಾವತಿ ಪುಸ್ತಕ, ನೇಕಾರರ ಸಂಘದ ವರದಿ ಇವು ವರ್ಷವಿಡೀ ಇರುತ್ತಿದ್ದವು. ದೀಪಾವಳಿ ಹತ್ತಿರ ಬಂತೆಂದರೆ ಒಂದೆರಡು ವಿಶೇಷಾಂಕ, ಕನ್ನಡದ್ದೂ ಮರಾಠಿಯದ್ದೂ. ಆಫ್‌ಸೆಟ್ ಬಂದ ಮೇಲೆ ಟ್ರೆಡಲ್ ಯಂತ್ರ ಮೂಲೆ ಸೇರಿತು. ಈಗ ಮಾವನವರೂ ಇಲ್ಲ, ಜಾಗವನ್ನು ಬಾಡಿಗೆಗೆ ಕೊಡಬೇಕಾಗಿದೆ. ಅಚ್ಚುಮೊಳೆಯ ಖಾನೆಗಳನ್ನು ಖಾಲಿ ಮಾಡುವಾಗ ಅಡಿಯಲ್ಲಿ ಖಾಕಿ ಕಾಗದದ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ ಕೈಯಲ್ಲೇ ಬರೆದ ನಗೆಚಿತ್ರಗಳು, ಮೂವತ್ತಾರು ಹಾಳೆ. ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಬ್ಲಾಕುಗಳು, ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಸತುವಿನ ತಗಡು.

ಒಂದು ಚಿತ್ರ ಹೀಗಿದೆ. ಸಂತೆಯಲ್ಲಿ ಕೊಡೆ ರಿಪೇರಿಯವನು ಕುಳಿತಿದ್ದಾನೆ. ಸುತ್ತ ಹತ್ತಾರು ಕೊಡೆಗಳು ಬಿಚ್ಚಿ ಬಿದ್ದಿವೆ. ಒಂದಕ್ಕೂ ಬಟ್ಟೆಯಿಲ್ಲ, ಬರೀ ಕಡ್ಡಿ. ಮಳೆ ಸುರಿಯುತ್ತಿದೆ. ಗಿರಾಕಿಗಳೆಲ್ಲ ಅವನ ದೊಡ್ಡ ರುಮಾಲಿನ ಅಡಿಯಲ್ಲಿ ಒತ್ತಿಕೊಂಡು ನಿಂತಿದ್ದಾರೆ. ಒಬ್ಬ ಗಿರಾಕಿಯ ಎಡಗಾಲಿನ ಮೇಲೆ ಬಿಳಿ ಬಣ್ಣ ಬಳಿದು ಕಾಲನ್ನು ಮತ್ತೊಮ್ಮೆ ಬರೆದಿದ್ದಾರೆ. ಬೆಳಕಿಗೆ ಹಿಡಿದರೆ ಮೊದಲಿನ ಕಾಲೂ ಕಾಣುತ್ತದೆ, ಮೂರು ಕಾಲಿನ ಮನುಷ್ಯ. ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ‘ದೋನ್ ಕಾಲಮ್’, ಅಂದರೆ ಪತ್ರಿಕೆಯ ಎರಡು ಕಾಲಂ ಅಗಲ ಎಂದು ಮರಾಠಿಯಲ್ಲಿ ಬರೆದಿದೆ. ಹಿಂಬದಿಯಲ್ಲಿ ‘ಪರತ ಪಾಠವಾವೇ’, ಅಂದರೆ ಮರಳಿ ಕಳುಹಿಸಬೇಕು ಎಂದು. ಸಹಿ ಇದೆ, ನನಗೆ ಓದಲು ಆಗುತ್ತಿಲ್ಲ.

ಪುಣೆಯಿಂದ ಬರುವ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಇಡೀ ಕಟ್ಟಿಗೆ ಹದಿನೈದು ಸಾವಿರ ಕೊಡುತ್ತೇನೆ ಎನ್ನುತ್ತಾರೆ. ‘ಫಡ್ನೀಸರ ಕೈ ಇರಬಹುದು’ ಎಂದೂ ಹೇಳುತ್ತಾರೆ; ಮರಾಠಿಯ ಹೆಸರಾಂತ ನಗೆಚಿತ್ರಕಾರರಂತೆ. ಹಾಗಿದ್ದರೆ ಹದಿನೈದೇ ಏಕೆ ಎಂದು ಕೇಳಿದರೆ ‘ಇರಬಹುದು ಎಂದೆ, ಇದೆ ಎನ್ನಲಿಲ್ಲ’ ಎಂಬ ಉತ್ತರ. ನಮ್ಮ ಯಜಮಾನರು ನಾಲ್ಕನ್ನು ಆರಿಸಿ ಲ್ಯಾಮಿನೇಶನ್ ಮಾಡಿಸಿ ಪಡಸಾಲೆಯಲ್ಲಿ ಹಾಕೋಣ ಎನ್ನುತ್ತಿದ್ದಾರೆ. ಇನ್ನೊಂದು ಹಾಳೆಯ ನಡುವೆ ಚೌಕವಾಗಿ ಕತ್ತರಿಸಿದೆ; ಇಲಿಯಲ್ಲ, ಬ್ಲೇಡಿನ ಕೆಲಸ. ಅದನ್ನು ಎಸೆಯಬಹುದೇ? ಇಂಥ ಚಿತ್ರಗಳು ಹರಾಜಿನಲ್ಲಿ ಹೋಗುತ್ತವೆಯೇ?

ಹಳೇ ನೋಟು, ಬಾಗಲಕೋಟೆ:

ಅಕ್ಕನವರೇ, ನಾನು ನಾಣ್ಯ ಮತ್ತು ನೋಟು ಸಂಗ್ರಹಿಸುವವನು. ಹರಾಜಿನ ಕ್ಯಾಟಲಾಗ್ ಸಿಕ್ಕರೆ ಮೊದಲ ಪುಟದಿಂದ ಕೊನೆಯವರೆಗೆ ಓದುವ ಚಟವಿದೆ. ಹೋಗುತ್ತವೆಯೇ ಎಂದರೆ ಹೋಗುತ್ತವೆ. ಆದರೆ ಎಲ್ಲಿ ಕೂರಿಸುತ್ತಾರೆ ಎನ್ನುವುದನ್ನು ನೋಡಬೇಕು. ತೈಲವರ್ಣ, ಜಲವರ್ಣ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಹಳೆಯ ಕಾಗದಪತ್ರ’ ಎಂಬ ಭಾಗ ಬರುತ್ತದೆ. ಸಿನಿಮಾ ಕರಪತ್ರ, ಕ್ಯಾಲೆಂಡರ್, ಬೆಂಕಿಪೊಟ್ಟಣದ ಚೀಟಿ, ಅವುಗಳ ನಡುವೆ ‘ನಗೆಚಿತ್ರಗಳು, ಶಾಯಿ, ವಿವಿಧ, ಒಂದು ಲಾಟ್’. ಬರೆದವರ ಹೆಸರೂ ಇಲ್ಲ, ಯಾವ ಪತ್ರಿಕೆ ಎಂಬುದೂ ಇಲ್ಲ. ಅಂಥ ಲಾಟಿಗೆ ಸವಾಲು ಕೂಗುವವರು ವ್ಯಾಪಾರಿಗಳೇ. ಒಯ್ದು, ಬಿಡಿಸಿ, ಒಂದೊಂದಾಗಿ ಮಾರುತ್ತಾರೆ. ಮೂವತ್ತಾರು ಹಾಳೆಗೆ ಹದಿನೈದು ಸಾವಿರ ಎಂದರೆ ಹಾಳೆಗೆ ನಾಲ್ಕುನೂರ ಚಿಲ್ಲರೆ. ಅಷ್ಟಕ್ಕೆ ನಾನೇ ನಾಲ್ಕು ಕೊಳ್ಳುತ್ತೇನೆ.

ಇನ್ನೊಂದು ಮಾತು. ಪತ್ರಿಕೆಯಲ್ಲಿ ಓದುವ ಹರಾಜಿನ ಬೆಲೆ ಮಾರಿದವರ ಕೈಗೆ ಬರುವ ಬೆಲೆಯಲ್ಲ. ಸುತ್ತಿಗೆ ಬಿದ್ದ ಮೊತ್ತದ ಮೇಲೆ ಕೊಂಡವರಿಂದ ಒಂದಿಷ್ಟು ಪ್ರತಿಶತ, ಅದರ ಮೇಲೆ ತೆರಿಗೆ, ಮಾರುವವರಿಂದಲೂ ಕಮಿಷನ್. 2021ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಟಿನ್‌ಟಿನ್ ಎಂಬ ಚಿತ್ರಕಥೆ ಪುಸ್ತಕದ ಮುಖಪುಟಕ್ಕೆ ಬರೆದ ಮೂಲ ಚಿತ್ರ ಮಾರಾಟವಾದಾಗ ಸುತ್ತಿಗೆ ಬಿದ್ದದ್ದು 26 ಲಕ್ಷ ಯೂರೋಗೆ, ಸುದ್ದಿಯಾದದ್ದು 32 ಲಕ್ಷ ಎಂದು. ನಡುವಿನ ಆರು ಲಕ್ಷ ಕೊಂಡವರು ತೆತ್ತ ಶುಲ್ಕ.

ಜೋಡುಗುಮ್ಮಟ, ವಿಜಯಪುರ:

ಮೊದಲು ನಿಮ್ಮ ಯಜಮಾನರಿಗೆ ಹೇಳಿ: ಲ್ಯಾಮಿನೇಶನ್ ಬೇಡ. ಬೇಡವೇ ಬೇಡ. ಬಿಸಿ ರೋಲರಿನ ಅಡಿ ಹೋದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಬಿಳಿ ಬಣ್ಣ ಬಿರಿಯುತ್ತದೆ, ಆ ಮೂರನೆಯ ಕಾಲು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮೇಲೆದ್ದು ಬರುತ್ತದೆ. ಸೆಲೋಟೇಪ್ ಬೇಡ, ಇಸ್ತ್ರಿ ಬೇಡ, ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ. ನಮ್ಮ ಊರಿನ ಒಣಹವೆಗೆ ಕಾಗದ ಮುರಿಯುತ್ತದೆ, ನಿಮ್ಮಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದ ಸಿಕ್ಕರೆ ಹಾಳೆಗಳ ನಡುವೆ ಇಟ್ಟು, ರಟ್ಟಿನ ಫೋಲ್ಡರಿನಲ್ಲಿ ಮಲಗಿಸಿ, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟಿನಲ್ಲಿ ಇಡಿ. ಸುರುಳಿ ಸುತ್ತಬೇಡಿ.

ನಾನು ಡ್ರಾಯಿಂಗ್ ಮಾಸ್ತರನಾಗುವ ಮೊದಲು ಹುಬ್ಬಳ್ಳಿಯಲ್ಲಿ ಬ್ಲಾಕ್ ಮಾಡುವ ಕಾರ್ಖಾನೆಯಲ್ಲಿದ್ದೆ. ಆದ್ದರಿಂದ ನೀವು ಹೇಳಿದ ಒಂದೊಂದು ಗುರುತೂ ನನಗೆ ಮಾತಾಡುತ್ತದೆ. ಚಿತ್ರವನ್ನು ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ ಬರೆಯುತ್ತಿದ್ದರು, ಒಂದೂವರೆ ಪಟ್ಟು, ಕೆಲವರು ಎರಡು ಪಟ್ಟು. ದೊಡ್ಡ ಕ್ಯಾಮೆರಾದಲ್ಲಿ ಚಿಕ್ಕದು ಮಾಡಿ ನೆಗೆಟಿವ್ ತೆಗೆಯುತ್ತಿದ್ದೆವು. ಚಿಕ್ಕದಾದಾಗ ಗೆರೆಯ ನಡುಕ ಅಡಗಿಹೋಗುತ್ತದೆ. ಆ ನೆಗೆಟಿವನ್ನು ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿದ ಸತುವಿನ ತಗಡಿಗೆ ಇಳಿಸಿ ನೈಟ್ರಿಕ್ ಆಮ್ಲದಲ್ಲಿ ತಿನ್ನಿಸಿದರೆ ಗೆರೆ ಉಬ್ಬಿ ಉಳಿಯುತ್ತದೆ, ಉಳಿದದ್ದು ತಗ್ಗುತ್ತದೆ. ತಗಡನ್ನು ಮರಕ್ಕೆ ಹೊಡೆದು ಅಚ್ಚುಮೊಳೆಯ ಎತ್ತರಕ್ಕೆ ತಂದರೆ ಬ್ಲಾಕ್ ತಯಾರು. ನೀಲಿ ಪೆನ್ಸಿಲ್ ಏಕೆಂದರೆ ಆ ನೆಗೆಟಿವ್‌ಗೆ ನೀಲಿ ಕಾಣುತ್ತಲೇ ಇರಲಿಲ್ಲ, ಬಿಳಿಯಾಗಿಯೇ ಬೀಳುತ್ತಿತ್ತು. ಸಂಪಾದಕರು ಚಿತ್ರದ ಮೇಲೆಯೇ ಏನು ಗೀಚಿದರೂ ಬ್ಲಾಕಿಗೆ ಬರುತ್ತಿರಲಿಲ್ಲ. ಬಿಳಿ ಬಣ್ಣವೂ ಅಷ್ಟೇ. ಅದನ್ನು ಹಚ್ಚಿದವರು ಕ್ಯಾಮೆರಾಕ್ಕೆ ಬರೆದರು, ನಮ್ಮ ನಿಮ್ಮ ಕಣ್ಣಿಗಲ್ಲ.

ಬ್ಲಾಕ್ ಆದ ಮೇಲೆ ಮೂಲ ಹಾಳೆ ಏನಾಗುತ್ತಿತ್ತು ಎಂದರೆ, ಏನೂ ಆಗುತ್ತಿರಲಿಲ್ಲ. ಮೂಲೆಯಲ್ಲಿ ರಾಶಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಬೀಸಣಿಗೆ, ಮಧ್ಯಾಹ್ನ ರೊಟ್ಟಿಗೆ ಹಾಸು, ವರ್ಷದ ಕೊನೆಗೆ ರದ್ದಿ. ಕೇಳಿ ಪಡೆಯುವ ಕಲಾವಿದರೂ ಕಡಿಮೆ. ನಿಮ್ಮವರು ‘ಮರಳಿ ಕಳುಹಿಸಬೇಕು’ ಎಂದು ಬರೆದಿದ್ದಾರೆ ಎಂದರೆ ತಮ್ಮ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು. ಕನ್ನಡದಲ್ಲಿ ನಗೆಚಿತ್ರಕ್ಕೆ ಮನೆ ಎಂದರೆ ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರ ಹಾಸ್ಯಪತ್ರಿಕೆ ‘ಕೊರವಂಜಿ’. 1942ರಿಂದ 1967ರವರೆಗೆ ನಡೆಯಿತು, ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅದಕ್ಕೆ ಬರೆದರು. ಅದರ ಸಂಚಿಕೆಗಳನ್ನು ಜೋಪಾನ ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಮೂಲ ಹಾಳೆಯನ್ನು ಜೋಪಾನ ಮಾಡಿದ ಒಬ್ಬರನ್ನೂ ಕಂಡಿಲ್ಲ. ದೊಡ್ಡ ದೇಶಗಳಲ್ಲೂ ಬಹುಕಾಲ ಇದೇ ಕಥೆ. ಪತ್ರಿಕೆಗೆ ಬರೆದದ್ದು ಕಲೆಯಲ್ಲ, ಅಚ್ಚಿನ ಕಚ್ಚಾ ಮಾಲು ಎಂಬ ಎಣಿಕೆ. ಹರಾಜಿನವರೂ ಅದನ್ನೇ ನಂಬಿದ್ದರು.

ಈಗ ಫಡ್ನೀಸರ ವಿಷಯ. ಶಿ.ದ. ಫಡ್ನೀಸ್ ಹುಟ್ಟಿದ್ದು ನಿಮ್ಮ ಜಿಲ್ಲೆಯಲ್ಲೇ, ನಿಪ್ಪಾಣಿ ಕಡೆಯ ಭೋಜದಲ್ಲಿ, 1925ರಲ್ಲಿ. ಅವರ ಹೆಚ್ಚಿನ ಚಿತ್ರಗಳಿಗೆ ಮಾತೇ ಇಲ್ಲ. ಮರಾಠಿ ಪತ್ರಿಕೆ ‘ಮೋಹಿನಿ’ಯ ಮುಖಪುಟದ ಆ ಹೆಸರಾಂತ ಚಿತ್ರ ನೆನಪಿದೆಯೇ? ಹುಡುಗನ ಅಂಗಿಯ ತುಂಬ ಬೆಕ್ಕು, ಹುಡುಗಿಯ ಸೀರೆಯ ತುಂಬ ಇಲಿ, ಅಷ್ಟೇ, ಒಂದಕ್ಷರವಿಲ್ಲ. ಗೆರೆ ತಂತಿ ಎಳೆದಂತೆ ಒಂದೇ ದಪ್ಪ. ನಿಮ್ಮ ಹಾಳೆಗಳ ಅಡಿಯಲ್ಲಿ ಸಂಭಾಷಣೆ ಇದೆಯೇ, ಗೆರೆ ದಪ್ಪ ತೆಳ್ಳಗೆ ಆಗುತ್ತದೆಯೇ ನೋಡಿ. ಹೌದಾದರೆ ಅದು ಬೇರೆಯವರ ಕೈ. ದೊಡ್ಡ ಹೆಸರನ್ನು ‘ಇರಬಹುದು’ ಎಂದು ತೇಲಿಬಿಡುವುದು ಈ ವ್ಯಾಪಾರದ ಹಳೆಯ ರೋಗ. ಅದರಿಂದ ಆಗುವ ಅನ್ಯಾಯ ಫಡ್ನೀಸರಿಗಲ್ಲ, ನಿಜವಾಗಿ ಬರೆದವರಿಗೆ. ಅವರ ಹೆಸರು ಇನ್ನೊಮ್ಮೆ ಅಳಿಸಿಹೋಗುತ್ತದೆ.

ಕತ್ತರಿಸಿದ ಹಾಳೆಯನ್ನು ಎಸೆದೀರಿ ಜೋಕೆ! ಅದು ಕಿಟಕಿ ಚಿತ್ರ. ಮರಾಠಿಯ ‘ಆವಾಜ್’ ದೀಪಾವಳಿ ಅಂಕ ಇದಕ್ಕೇ ಹೆಸರಾಗಿತ್ತು. ಉಳಿದವರೂ ಅದನ್ನು ನೋಡಿ ಮಾಡಿದರು. ಮೇಲಿನ ಪುಟದ ಕಿಟಕಿಯಲ್ಲಿ ಏನೋ ಪೋಲಿ ದೃಶ್ಯ ಕಂಡಂತಾಗುತ್ತದೆ, ಪುಟ ತಿರುವಿದರೆ ಅಜ್ಜಿ ಹಿಟ್ಟು ನಾದುತ್ತಿರುತ್ತಾಳೆ. ಅದಕ್ಕೆ ಯಾವಾಗಲೂ ಎರಡು ಹಾಳೆ. ಜೋಡಿ ಹಾಳೆ ಆ ಕಟ್ಟಿನಲ್ಲೇ ಇರಬೇಕು, ಹುಡುಕಿ. ಎರಡನ್ನೂ ಬೇರೆ ಬೇರೆ ಮಾರಿದರೆ ಎರಡೂ ಕೆಟ್ಟವು.

ಬೆಲೆಯ ಪ್ರಶ್ನೆಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅಮೆರಿಕದ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಗೆ ನಾರ್ಮನ್ ರಾಕ್‌ವೆಲ್ ಬರೆದ 1954ರ ಒಂದು ಮುಖಪುಟ ಚಿತ್ರವನ್ನು ಡಾನ್ ಟ್ರ್ಯಾಕ್ಟಿ ಎಂಬ ವ್ಯಂಗ್ಯಚಿತ್ರಕಾರ 1960ರಲ್ಲಿ 900 ಡಾಲರಿಗೆ ಕೊಂಡ. ಯಾರಿಗೂ ಹೇಳದೆ ಅದರ ತದ್ರೂಪು ಬರೆದು ಮೂಲವನ್ನು ಮನೆಯ ಗೋಡೆಯ ಹಿಂದೆ ಅಡಗಿಸಿದ. ತದ್ರೂಪೇ ವಸ್ತುಸಂಗ್ರಹಾಲಯದಲ್ಲಿ ಮೂಲವೆಂದು ತೂಗಿತು. ಅನುಮಾನ ಹುಟ್ಟಿದ್ದು ಹೇಗೆ ಗೊತ್ತೇ? 1954ರಲ್ಲಿ ಅಚ್ಚಾದ ಮುಖಪುಟದ ಪಕ್ಕ ಇಟ್ಟಾಗ ಎರಡೂ ಹೊಂದಲಿಲ್ಲ. ಅವನು ತೀರಿಕೊಂಡ ಮೇಲೆ 2006ರಲ್ಲಿ ಮಕ್ಕಳು ಗೋಡೆಯ ಹಿಂದಿನ ಮೂಲವನ್ನು ಕಂಡುಹಿಡಿದರು. ಅದೇ ವರ್ಷ ನವೆಂಬರಿನಲ್ಲಿ ಸೋದಬೀಸ್ ಹರಾಜಿನಲ್ಲಿ 1.54 ಕೋಟಿ ಡಾಲರಿಗೆ ಹೋಯಿತು. ಬಾಗಲಕೋಟೆಯವರು ಹೇಳಿದ ಟಿನ್‌ಟಿನ್ ಚಿತ್ರವೂ ಅಂಥದ್ದೇ. ಟಿನ್‌ಟಿನ್‌ನ ಕರ್ತೃ ಹೆರ್ಜೆ 1936ರಲ್ಲಿ ಬರೆದದ್ದು, ಅಷ್ಟು ಬಣ್ಣದಲ್ಲಿ ಅಚ್ಚು ಹಾಕುವುದು ದುಬಾರಿ ಎಂದು ಪ್ರಕಾಶಕರು ಬಿಟ್ಟದ್ದು. ಪ್ರಕಾಶಕರ ಏಳು ವರ್ಷದ ಮಗನಿಗೆ ಉಡುಗೊರೆಯಾಗಿ ಬಂತು, ಮಡಚಿ ಡ್ರಾಯರಿನಲ್ಲಿ ಇಟ್ಟರು ಎಂಬುದು ಮನೆಯವರ ಹೇಳಿಕೆ. ಮಡಿಕೆಯ ಗುರುತು ಈಗಲೂ ಇದೆ. ಉಡುಗೊರೆಯ ಕಥೆಯನ್ನು ಒಪ್ಪದ ತಜ್ಞರೂ ಇದ್ದಾರೆ.

ನಮ್ಮ ಹಾಳೆಗೆ ಕೋಟಿ ಬರುತ್ತದೆ ಎಂದು ಇದನ್ನು ಹೇಳುತ್ತಿಲ್ಲ. ಬರುವುದಿಲ್ಲ. ಮೂಲ ಚಿತ್ರಕ್ಕೆ ಸಾಕ್ಷಿ ಹೇಳುವುದು ಅಚ್ಚಾದ ಪುಟ, ಅದಕ್ಕಾಗಿ ಹೇಳಿದೆ. ಯಾವ ಪತ್ರಿಕೆ, ಯಾವ ವರ್ಷ, ಎಷ್ಟನೆಯ ಪುಟ, ಯಾರ ಸಹಿ: ಇಷ್ಟು ಬರೆದಿಟ್ಟರೆ ನಿಮ್ಮ ಕಟ್ಟು ಲಾಟ್ ಆಗಿ ಉಳಿಯುವುದಿಲ್ಲ, ಒಬ್ಬ ಕಲಾವಿದನ ಕೃತಿಗಳಾಗುತ್ತವೆ. ಪಕ್ಕದ ಗೋವೆಯಲ್ಲಿ ನೋಡಿ, ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡರ ಚಿತ್ರಗಳನ್ನು ಜೆರಾರ್ಡ್ ದ ಕುನ್ಹಾ ಎಂಬ ವಾಸ್ತುಶಿಲ್ಪಿ ಹಟ ಹಿಡಿದು ಕೂಡಿಸಿ ದಪ್ಪ ಪುಸ್ತಕ ಮಾಡಿದರು. ನಮ್ಮ ಕಡೆ ಆ ಹಟ ಯಾರಿಗೂ ಬಂದಿಲ್ಲ. ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದು ಬೆಳಗಾವಿಯಲ್ಲಿ. ಕಿರ್ಲೋಸ್ಕರರು ಸೈಕಲ್ ಅಂಗಡಿ ಇಟ್ಟದ್ದೂ ಬೆಳಗಾವಿಯಲ್ಲಿ. ಅದೇ ಮನೆತನದ ಶಂಕರರಾವ್, ಸ್ವತಃ ಚಿತ್ರಕಾರರು, ಮುಂದೆ ಮರಾಠಿಯ ‘ಕಿರ್ಲೋಸ್ಕರ’ ಮಾಸಿಕವನ್ನು ಬೆಳೆಸಿದರು. ಇಷ್ಟೆಲ್ಲ ಅಚ್ಚಾದ ಸೀಮೆಯಲ್ಲಿ ಯಾರು ಯಾವ ಅಂಕಕ್ಕೆ ಚಿತ್ರ ಬರೆದರು ಎಂಬ ಒಂದು ಪಟ್ಟಿ ಇರಬೇಡವೇ?

ಕಪ್ಪು ಕೋಟು, ಚಿಕ್ಕೋಡಿ:

ಮಾಸ್ತರರು ಚಿತ್ರದ ಮಾತು ಮುಗಿಸಿದರು, ನಾನು ಕಾಯಿದೆಯ ಮಾತು ಹೇಳುತ್ತೇನೆ. ಹಾಳೆಯ ಒಡೆತನ ಬೇರೆ, ಚಿತ್ರದ ಹಕ್ಕುಸ್ವಾಮ್ಯ ಬೇರೆ. ಹಾಳೆ ನಿಮ್ಮ ಮನೆಯಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಕ್ಯಾಲೆಂಡರ್ ಮಾಡಿ ಮಾರುವ ಹಕ್ಕು ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕಲಾವಿದರು ಬದುಕಿರುವವರೆಗೆ ಹಕ್ಕು ಅವರದು, ಅವರು ತೀರಿದ ಮೇಲೆ ವಾರಸುದಾರರದು; ತೀರಿದ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು, ಅಲ್ಲಿಗೆ ಹಕ್ಕು ಮುಗಿಯುತ್ತದೆ. ಹೆಸರು ಗೊತ್ತಾಗದೆ ಉಳಿದರೆ ಪ್ರಕಟವಾದ ಮುಂದಿನ ವರ್ಷದಿಂದ 60 ಎಣಿಸಬೇಕು. ಅದೇ ಕಾಯಿದೆಯ 53ಎ ಕಲಮು ಓದಿ ನೋಡಿ. ಮೂಲ ಚಿತ್ರ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ. 10. ಕೇಳಿದವರನ್ನು ನನ್ನ ವಕೀಲಿಯಲ್ಲಿ ಕಂಡಿಲ್ಲ, ಅದು ಬೇರೆ ಮಾತು.

ಇನ್ನು ಆ ‘ಮರಳಿ ಕಳುಹಿಸಬೇಕು’. ನಿಮ್ಮ ಮಾವನವರು ದುಡ್ಡು ಕೊಟ್ಟು ಕೊಂಡಿದ್ದರೆ ಅಂಥ ಬರಹ ಇರುತ್ತಿರಲಿಲ್ಲ. ಎದುರು ಪಕ್ಷದ ವಕೀಲ ನಾನಾಗಿದ್ದರೆ ಆ ಹಾಳೆಯ ಹಿಂಬದಿಯನ್ನೇ ನ್ಯಾಯಾಲಯದಲ್ಲಿ ಹಾಜರುಪಡಿಸುತ್ತಿದ್ದೆ. ಮಾರುವ ಮೊದಲು ಕುಟುಂಬವನ್ನು ಹುಡುಕಿ, ಮಾತಾಡಿ, ಒಂದು ಕಾಗದ ಮಾಡಿಕೊಳ್ಳಿ. ಹೊರದೇಶಕ್ಕೆ ಮಾರುವ ಆಸೆ ಯಾರಾದರೂ ತೋರಿಸಿದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯೂ ಇದೆ. ನೂರು ವರ್ಷ ದಾಟದ ನಿಮ್ಮ ಹಾಳೆಗಳಿಗೆ ಅದು ತಾಗಲಾರದು. ವ್ಯಂಗ್ಯಚಿತ್ರ ಬರೆದವರಲ್ಲಿ ಗಗನೇಂದ್ರನಾಥ ಟಾಗೋರರ ಕೃತಿಗಳು ಮಾತ್ರ ರಾಷ್ಟ್ರದ ಕಲಾನಿಧಿ ಎಂದು ಘೋಷಿತವಾಗಿವೆ, ದೇಶದಾಚೆ ಮಾರುವಂತಿಲ್ಲ.

ಶಹಾಪುರದ ಸೊಸೆ, ಬೆಳಗಾವಿ:

ಎಲ್ಲರಿಗೂ ಉಪಕಾರ. ಲ್ಯಾಮಿನೇಶನ್ ನಿಂತಿತು. ಕಿಟಕಿಯ ಜೋಡಿ ಹಾಳೆ ಕಟ್ಟಿನ ಅಡಿಯಲ್ಲೇ ಇತ್ತು. ಅಜ್ಜಿ ಅಲ್ಲ ಸರ್, ಪೈಲ್ವಾನರೊಬ್ಬರು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಮೇಲಿನ ಹಾಳೆಯ ಕಿಟಕಿಯಲ್ಲಿ ಕಾಣುವುದು ಬರೀ ತೋಳು, ಏನೇನೋ ಅಂದುಕೊಳ್ಳಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡರು.

ಅನಗೋಳದಲ್ಲಿರುವ ನಾದಿನಿಯ ಅಟ್ಟದ ಮೇಲೆ ಮಾವನವರು ಮುದ್ರಿಸಿದ ಅಂಕಗಳ ಒಂದು ಗಂಟು ಇತ್ತು. 1963ರ ದೀಪಾವಳಿ ಅಂಕದಲ್ಲಿ ಕೊಡೆಯವನು ಸಿಕ್ಕಿದ್ದಾನೆ, ಎರಡು ಕಾಲಂ ಅಗಲದಲ್ಲಿ, ಗಿರಾಕಿಗೆ ಎರಡೇ ಕಾಲು. ಚಿತ್ರದ ಅಡಿಯಲ್ಲಿ ಪೂರ್ತಿ ಹೆಸರಿದೆ. ಸಹಿಯ ಪಕ್ಕ ಇಟ್ಟು ನೋಡಿದರೆ ಆ ಸುರುಳಿ ಅವರ ಮನೆತನದ ಹೆಸರಿನ ಮೊದಲಕ್ಷರ. ಖಾನಾಪುರದ ಕಡೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರಂತೆ. ಅವರ ಮಕ್ಕಳನ್ನು ಕೇಳದೆ ಇಲ್ಲಿ ಹೆಸರು ಹಾಕುವುದಿಲ್ಲ. ಮಾತುಗಳಿರುವ ಚಿತ್ರಗಳೇ ಹೆಚ್ಚು, ಗೆರೆಯೂ ದಪ್ಪ ತೆಳ್ಳಗಿದೆ. ಫಡ್ನೀಸರಲ್ಲ ಎಂಬುದು ಖಾತರಿಯಾಯಿತು.

ಇದೇ ಮಾತನ್ನು ವ್ಯಾಪಾರಿಗೆ ಹೇಳಿದೆ. ಅವರು ಇಪ್ಪತ್ತೈದಕ್ಕೆ ಏರಿದ್ದಾರೆ! ಲೆಕ್ಕದವಳಿಗೆ ಈ ಲೆಕ್ಕ ತಿಳಿಯುತ್ತಿಲ್ಲ. ಪಟ್ಟಿಯನ್ನು ಹೇಗೆ ಬರೆಯಲಿ? ಬ್ಲಾಕುಗಳನ್ನಾದರೂ ಗುಜರಿಗೆ ಹಾಕಬಹುದೇ? ಸತುವಿಗೆ ರೇಟು ಇದೆ ಎನ್ನುತ್ತಾರೆ.

ಜೋಡುಗುಮ್ಮಟ, ವಿಜಯಪುರ:

ಪೈಲ್ವಾನರೇ ಚೆಂದ, ನನ್ನ ಅಜ್ಜಿ ಬೇಡ. ವ್ಯಾಪಾರಿ ಏರಿದ್ದು ನಿಮ್ಮ ಹತ್ತಿರ ಈಗ ಅಚ್ಚಾದ ಪುಟ ಇರುವುದಕ್ಕೆ. ಸಂಚಿಕೆಗಳ ಗಂಟನ್ನು ಅವರಿಗೆ ತೋರಿಸಬೇಡಿ, ಚಿತ್ರಗಳಿಂದ ಬೇರೆ ಮಾಡಿ ಕೊಡಲೂ ಬೇಡಿ.

ಪಟ್ಟಿ ಬರೆಯುವುದು ನಿಮ್ಮ ರೋಜುಕೀರ್ದಿಗಿಂತ ಸುಲಭ. ಪ್ರತಿ ಹಾಳೆಯ ಹಿಂಬದಿಯ ಕೆಳಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಚಿಕ್ಕದಾಗಿ ಒಂದು ಅಂಕೆ, ಬಾಲ್‌ಪೆನ್ ಮುಟ್ಟಬಾರದು. ಪುಸ್ತಕದಲ್ಲಿ ಅದೇ ಅಂಕೆಯ ಮುಂದೆ ಹಾಳೆಯ ಅಳತೆ, ಅಚ್ಚಾದ ಅಳತೆ, ಅಂಕದ ವರ್ಷ ಮತ್ತು ಪುಟ, ಅಂಚಿನಲ್ಲಿ ಹಿಂಬದಿಯಲ್ಲಿ ಏನು ಬರೆದಿದೆ ಅದು ಅಕ್ಷರಕ್ಕೆ ಅಕ್ಷರ. ಅಚ್ಚಾಗದೆ ಉಳಿದ ಚಿತ್ರಗಳಿದ್ದರೆ ‘ಅಚ್ಚಾಗಿಲ್ಲ’ ಎಂದೇ ಬರೆಯಿರಿ; ಸಂಪಾದಕರು ಏನನ್ನು ಬೇಡವೆಂದರು ಎಂಬುದೂ ಅದರಿಂದ ತಿಳಿಯುತ್ತದೆ. ಎರಡು ಬದಿಗೂ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮಕ್ಕಳ ಒಪ್ಪಿಗೆ ಸಿಕ್ಕ ಮೇಲೆ ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಅವರಿಗೆ ಪಟ್ಟಿಯ ಪ್ರತಿ ಕಳುಹಿಸಿ. ಹರಾಜಿಗೆ ಹೋಗುವ ಮನಸ್ಸಾದರೂ ಆ ಪಟ್ಟಿಯೇ ನಿಮ್ಮ ಕ್ಯಾಟಲಾಗ್.

ಬ್ಲಾಕುಗಳನ್ನು ಗುಜರಿಗೆ ಹಾಕಬೇಡಿ. ಒಂದೊಂದು ಬ್ಲಾಕೂ ಒಂದು ಹಾಳೆಯ ಜೋಡಿ. ಬ್ಲಾಕಿನ ಅಗಲವನ್ನು ಚಿತ್ರದ ಅಗಲದೊಂದಿಗೆ ಹೋಲಿಸಿದರೆ ಅವರು ಎಷ್ಟು ಪಟ್ಟು ದೊಡ್ಡದು ಬರೆಯುತ್ತಿದ್ದರು ಎಂದು ತಿಳಿಯುತ್ತದೆ, ಆ ಪ್ರಮಾಣ ಎಲ್ಲದರಲ್ಲೂ ಒಂದೇ ಬಂದರೆ ಕೈಯೂ ಒಂದೇ ಎನ್ನಲು ಬಲ ಬರುತ್ತದೆ. ತಗಡಿನ ಮೇಲೆ ಬಿಳಿ ಪುಡಿ ಕಂಡರೆ ಒಣ ಬ್ರಷ್ಷಿನಿಂದ ಝಾಡಿಸಿ, ಸಾಕು. ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹಣ್ಣು ಹಚ್ಚಿದರೆ ಹುಳಿಗೆ ಗೆರೆಯೇ ತಿಂದುಹೋಗುತ್ತದೆ. ಹಾಳೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಬ್ಲಾಕಿನ ಭಾರಕ್ಕೆ ಕಾಗದ ಮುರಿಯುತ್ತದೆ, ಮರದಲ್ಲಿ ಹುಳುವೂ ಇರಬಹುದು.